ಕಾರು ಕೊಟ್ಟು ಜೀಪ್ ತಗೊಳ್ಳೋ ಮುಂಚೆ: ಮೂಡಿಗೆರೆ ಗ್ಯಾರೇಜಿನ ಮಾತು

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಗ್ಯಾರೇಜಿನಲ್ಲಿ ಕೈತುಂಬ ಕೆಲಸ. ತೋಟದ ಜೀಪು, ಪೇಟೆಯ ಕಾರು ಎರಡೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕಾರು ಬಿಡಲು ಬಂದವರು ಪಕ್ಕದ ಜೀಪ್ ನೋಡಿ ಕೇಳುತ್ತಾರೆ, "ಅಣ್ಣ, ಇದನ್ನ ಕೊಟ್ಟು ಒಂದು ಮಹೀಂದ್ರ ಥಾರ್ ತಗೊಂಡ್ರೆ ಹೆಂಗೆ? ಗಟ್ಟಿ ಇರತ್ತಲ್ವಾ?"

ಗಟ್ಟಿ ಇರೋದು ನಿಜ. ಆದರೆ ನಾನು ತಿರುಗಿ ಕೇಳೋದು ಒಂದೇ: ದಿನಾ ಯಾವ ದಾರಿಯಲ್ಲಿ ಓಡಿಸ್ತೀರಿ? ಗಾಡಿ ಆರಾಮಾಗಿರುತ್ತದೋ ಇಲ್ಲವೋ, ಕೈಕೊಡುತ್ತದೋ ಇಲ್ಲವೋ ಅನ್ನೋದು ಮುಕ್ಕಾಲು ಪಾಲು ಆ ಉತ್ತರದಲ್ಲೇ ಇದೆ.

ಆರಾಮದ ವಿಷಯ ನೋಡಿ. ಮೂರು ಬಾಗಿಲಿನ ಥಾರ್‌ಗೂ ಸ್ವಿಫ್ಟ್‌ಗೂ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅಂತರ ಒಂದೇ, 2450 ಮಿಲಿಮೀಟರ್. ಆದರೂ ಒಳಗೆ ಕೂತರೆ ಅಜಗಜಾಂತರ. ಸ್ವಿಫ್ಟ್ ಒಂದು ಟನ್ ಒಳಗಿನ ಗಾಡಿ, ಥಾರ್ ಒಂದೂವರೆ ಟನ್‌ಗೂ ಜಾಸ್ತಿ. ಥಾರ್‌ನಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಅಡ್ಡ ದಂಡಕ್ಕೆ, ಅಂದರೆ ಆಕ್ಸಲ್‌ಗೆ ಸೇರಿವೆ. ಮಾರುತಿಯ ಜೀಪು ಜಿಮ್ನಿಯಲ್ಲಂತೂ ಹಿಂದೆ ಮುಂದೆ ಎರಡೂ ಕಡೆ ಹಾಗೇ. ಎಡ ಚಕ್ರ ಕಲ್ಲು ಹತ್ತಿದರೆ ಬಲ ಚಕ್ರವೂ ವಾಲುತ್ತದೆ. ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಂಡು, ಅಂದರೆ ಡಿಫರೆನ್ಷಿಯಲ್ ಸಮೇತ ಅಷ್ಟೂ ಕಬ್ಬಿಣ ಸ್ಪ್ರಿಂಗ್ ಕೆಳಗೆ ಕುಣಿಯುತ್ತದೆ. ಟಾರ್ ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ಹೋಗುವಾಗ ಆ ಕುಣಿತ ನಿಲ್ಲುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಬೆಂಗಳೂರಿಗೆ ಹೋಗಿ ಬಂದವರು ಸೊಂಟ ಹಿಡ್ಕೊಂಡು ಇಳಿಯೋದು ಇದಕ್ಕೇ.

ಅದೇ ಗಾಡಿ ತೋಟದೊಳಗೆ ಬರಲಿ. ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ವೇಗ, ಮೊಣಕಾಲುದ್ದ ಕೊರಕಲು. ಅಲ್ಲಿ ಒಂದು ಚಕ್ರ ಮೇಲೆ ಹೋದರೆ ಆಕ್ಸಲ್ ಇನ್ನೊಂದನ್ನು ನೆಲಕ್ಕೆ ಒತ್ತುತ್ತದೆ, ಹಿಡಿತ ತಪ್ಪುವುದಿಲ್ಲ. ಥಾರ್ ಹೊಟ್ಟೆಯ ಕೆಳಗೆ 226 ಮಿಲಿಮೀಟರ್ ಜಾಗ, ಜಿಮ್ನಿಗೆ 210, ಸ್ವಿಫ್ಟ್‌ಗೆ 163. ಅಲ್ಲಿ ಕಾರಿನಲ್ಲಿ ಕೂತವರೇ ಉಸಿರು ಬಿಗಿ ಹಿಡಿದು ಕೂರಬೇಕು. ಇನ್ನು ಮಹೀಂದ್ರದ ಹಳೆಯ ಎಂಎಂ 540 ಥರದ ಜೀಪುಗಳಿಗೆ ನಾಲ್ಕೂ ಕಡೆ ಕಮಾನು ಪಟ್ಟಿಯ ಸ್ಪ್ರಿಂಗ್. ಖಾಲಿ ಓಡಿಸಿದರೆ ಎತ್ತಿ ಹಾಕುತ್ತವೆ. ಹಿಂದೆ ನಾಲ್ಕು ಮೂಟೆ ಕಾಫಿ ಬಿದ್ದರೆ ಎಷ್ಟು ಮೆತ್ತಗೆ ಹೋಗುತ್ತವೆ ಅಂತ ಓಡಿಸಿದವರಿಗೇ ಗೊತ್ತು.

ಕೈಕೊಡುವ ವಿಷಯಕ್ಕೆ ಬಂದರೆ, ತೋಟದ ದಾರಿಯಲ್ಲಿ ಓಡಿದ ಕಾರು ಲಿಫ್ಟ್ ಮೇಲೆ ಏರಿದ ಕೂಡಲೇ ಕಥೆ ಹೇಳುತ್ತದೆ. ಚಕ್ರ ಹಿಡಿದಿಡುವ ಲೋಯರ್ ಆರ್ಮ್ ರಬ್ಬರ್ ಬುಷ್ ಸೀಳಿರುತ್ತದೆ. ಟೈರಿನ ಒಳಗಡೆ ಅಂಚು ಮಾತ್ರ ಸವೆದಿರುತ್ತದೆ. ಆಕ್ಸಲ್ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತ ಸಿಡಿದಿರುತ್ತದೆ. ಆಯಿಲ್ ಚೇಂಬರ್ ಮೇಲೆ ಕಲ್ಲು ಉಜ್ಜಿದ ಗೀರು ಇದ್ದೇ ಇರುತ್ತದೆ. ಕೆಲವರು ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತದೆ ಅಂತ ಬರುತ್ತಾರೆ. ಚಕ್ರ ಬಿಚ್ಚಿ ನೋಡಿದರೆ ರಿಮ್ ಒಳಗೆ ಅಂಗೈ ಅಗಲದ ಕೆಸರು ಒಣಗಿ ಕೂತಿರುತ್ತದೆ, ಅಷ್ಟೇ. ಕೆರೆದು ತೊಳೆದರೆ ಸರಿಯಾಯಿತು. ಇದೆಲ್ಲ ಕಾರಿನ ದೋಷ ಅಲ್ಲ. ಟಾರ್ ರಸ್ತೆಯಲ್ಲೇ ಓಡುವ ಕಾರುಗಳು ನಮ್ಮಲ್ಲಿಗೆ ಆಯಿಲ್ ಬದಲಿಸಲು ಬಂದು ಹೋಗುತ್ತವೆ, ಬೇರೆ ಕೆಲಸವೇ ಇರುವುದಿಲ್ಲ.

ಜೀಪಿನ ಗಟ್ಟಿತನಕ್ಕೆ ಆರೈಕೆ ಜಾಸ್ತಿ ಬೇಕು. ಹಳೆಯ ಜೀಪುಗಳು ಇವತ್ತೂ ಓಡುತ್ತಿವೆ ಅಂದರೆ ಅವು ಕೆಡುವುದೇ ಇಲ್ಲ ಅಂತಲ್ಲ. ಕೆಟ್ಟರೆ ತೋಟದಲ್ಲೇ ಸ್ಪ್ಯಾನರ್ ಹಿಡಿದು ಸರಿ ಮಾಡಬಹುದು, ಅದಕ್ಕೆ. ಎಂಜಿನ್ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರಾಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್‌ಗೆ ತಪ್ಪದೆ ಗ್ರೀಸ್ ಹೊಡೆಯುವವರ ಜೀಪು ನನ್ನ ಹತ್ತಿರ ಬರುವುದೇ ಅಪರೂಪ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಲಿವರ್ ಕೂಡ ಹಾಗೇ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೇಕಾದ ದಿನ ಬೀಳುವುದಿಲ್ಲ. ತಿಂಗಳಿಗೊಮ್ಮೆ ಒದ್ದೆ ಮಣ್ಣಿನಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿ. ಒಣಗಿದ ಟಾರ್ ಮೇಲೆ ಮಾತ್ರ ಬೇಡ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು, ಹಿಂದಿನದು ಕಡಿಮೆ. ಮಣ್ಣಾದರೆ ಚಕ್ರ ಜಾರಿ ಸರಿಹೋಗುತ್ತದೆ, ಟಾರ್ ಮೇಲೆ ಆ ಬಿಗಿತವೆಲ್ಲ ಗೇರ್‌ಗಳ ಮೇಲೆ ಬೀಳುತ್ತದೆ.

ಹೊಸ ಡೀಸೆಲ್ ಗಾಡಿ ತಗೊಳ್ಳುವವರಿಗೆ ನಾನು ಒತ್ತಿ ಹೇಳುವ ಮಾತು ಬೇರೆಯೇ ಇದೆ. ಏಪ್ರಿಲ್ 2020ರಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂತು. ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕೂತಿತು. ಹಿಡಿದ ಮಸಿ ಸುಡಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಕೆಲಸದವರ ಲೈನ್ ಮನೆಗೆ, ಫಸ್ಟ್ ಗೇರು ಸೆಕೆಂಡ್ ಗೇರು. ಹೀಗೆ ಓಡಿದರೆ ಮಸಿ ಸುಡುವುದೇ ಇಲ್ಲ. ಮೀಟರ್‌ನಲ್ಲಿ ಲೈಟ್ ಬರುತ್ತದೆ, ಆಮೇಲೆ ಪಿಕಪ್ ಬೀಳುತ್ತದೆ. ತೋಟಕ್ಕೆಂದೇ ಮಾಡಿದ ಹಾಗಿರುವ ಗಾಡಿ ತೋಟದಲ್ಲೇ ಉಸಿರು ಕಟ್ಟುತ್ತದೆ. ಲೈಟ್ ಬಂದ ದಿನವೇ ಹಾಸನದ ರಸ್ತೆ ಹಿಡಿದು ಒಂದು ಸುತ್ತು ಹೋಗಿ ಬನ್ನಿ. ಹೆದ್ದಾರಿಗೆ ಹೋಗುವುದೇ ಅಪರೂಪ ಅನ್ನುವವರಿಗೆ ನಾನು ಪೆಟ್ರೋಲ್ ತಗೊಳ್ಳಿ ಅಂತೀನಿ. ಮೈಲೇಜ್ ಕಡಿಮೆ, ಒಪ್ಪಿದೆ. ಆದರೂ ಅದೇ ವಾಸಿ.

ಸೆಕೆಂಡ್ ಹ್ಯಾಂಡ್ ಜೀಪ್ ನೋಡಲು ಕರೆದರೆ ನಾನು ಬಾನೆಟ್ ಆಮೇಲೆ ತೆಗೆಯುತ್ತೇನೆ. ಮೊದಲು ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಪ್ಲಗ್ ಸಡಿಲಿಸಿ ಬೆರಳಿಗೆ ಹಚ್ಚಿ ನೋಡುತ್ತೇನೆ. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇರುವ ಬ್ರೀದರ್ ಕಿಂಡಿ ಕಟ್ಟಿದ್ದರೆ ಸೀಲ್ ಸಂದಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಗ ಆಯಿಲ್ ಹಾಲು ಜಾಸ್ತಿ ಬಿದ್ದ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಕಂಡರೆ, ಮೇಲೆ ಎಷ್ಟೇ ಹೊಸ ಪೇಂಟ್ ಹೊಡೆದಿರಲಿ, ಒಳಗಿನ ಬೇರಿಂಗು, ಕ್ರೌನ್ ಪಿನಿಯನ್ ಗೇರು ಬಿಚ್ಚಿ ತೋರಿಸುವವರೆಗೂ ಅಡ್ವಾನ್ಸ್ ಕೊಡಬೇಡಿ ಅಂತಲೇ ಹೇಳುತ್ತೇನೆ.