ಫಿನ್ ಮೇಲಿನ ಗೆರೆಗಳನ್ನು ಓದುವ ಕೆಲಸ

ಸಿಡ್ನಿಯ ಉತ್ತರಕ್ಕಿರುವ ಬ್ರೂಕ್‌ವೇಲ್‌ನಲ್ಲಿ, ಮೂರು ತಲೆಮಾರುಗಳಿಂದ ಅಲೆಯ ಮೇಲೆ ಸವಾರಿ ಮಾಡುವ ಸರ್ಫ್‌ಬೋರ್ಡ್‌ಗಳನ್ನೂ, ಅವು ಪಕ್ಕಕ್ಕೆ ಜಾರದಂತೆ ತಳಕ್ಕೆ ಕೂರಿಸುವ ರೆಕ್ಕೆಯಾಕಾರದ ಫಿನ್‌ಗಳನ್ನೂ ಕೈಯಿಂದಲೇ ತಯಾರಿಸುತ್ತಿರುವ ಕುಟುಂಬವೊಂದರ ಕಾರ್ಯಾಗಾರದಲ್ಲಿ ನಾನು ಕೆಲಸ ಮಾಡುತ್ತೇನೆ. 1960ರ ಸುಮಾರಿಗೆ ಆಸ್ಟ್ರೇಲಿಯಾದ ಹೆಸರಾಂತ ಬೋರ್ಡ್ ತಯಾರಕರು ಒಬ್ಬೊಬ್ಬರಾಗಿ ಬಂದು ನೆಲೆಯೂರಿದ ಪ್ರದೇಶವಿದು. ನನ್ನ ಪಾಲಿಗೆ ಬಂದಿರುವುದು ಫಿನ್ ವಿಭಾಗ. ಕೆಲಸದ ಗುಣಮಟ್ಟವನ್ನು ಯಾವ ಹಂತದಲ್ಲಿ ಪರೀಕ್ಷಿಸಬೇಕು ಎಂಬ ಬಗ್ಗೆ ನನ್ನ ತಿಳಿವಳಿಕೆಯನ್ನು ಬದಲಿಸಿದ್ದು ಈ ಮನೆತನದ ಒಂದು ಪದ್ಧತಿ.

ಫಿನ್‌ಗೆ ಬೇಕಾದ ಹಾಳೆಯನ್ನು ನಾವೇ ಎರಕ ಹಾಕುತ್ತೇವೆ. ಗಾಜಿನ ನಾರಿನ ಬಟ್ಟೆಯ ಹತ್ತಾರು ಪದರಗಳನ್ನು ಒಂದರ ಮೇಲೊಂದು ಹಾಸಿ, ಪ್ರತಿ ಪದರಕ್ಕೂ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಉಣಿಸಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಪೂರ್ತಿ ಗಟ್ಟಿಯಾದ ಮೇಲೆ ನಮೂನೆಯಿಟ್ಟು ಕತ್ತರಿಸಿ ಗ್ರೈಂಡರ್‌ಗೆ ಹಿಡಿಯುತ್ತೇವೆ. ಬಾಗು ಮೂಡುತ್ತ ಹೋದಂತೆ ಒಳಗಿನ ಪದರಗಳು ಒಂದೊಂದಾಗಿ ಬಯಲಾಗಿ, ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ರೇಖೆಗಳಂತೆ ಮೇಲ್ಮೈಯಲ್ಲಿ ಗೆರೆಗಳಾಗಿ ಕಾಣಿಸಿಕೊಳ್ಳುತ್ತವೆ. ಬೋರ್ಡಿನ ನಡುವೆ ಕೂರುವ ಫಿನ್‌ನ ಎರಡೂ ಬದಿಯಲ್ಲಿ ಈ ಗೆರೆಗಳು ಒಂದೇ ತೆರನಾಗಿರಬೇಕು. ಗೆರೆಗಳು ಒತ್ತೊತ್ತಾಗಿರುವಲ್ಲಿ ಇಳಿಜಾರು ಕಡಿದು, ಅಂತರ ಹೆಚ್ಚಿರುವಲ್ಲಿ ಅದು ನಿಧಾನ. ಗೆರೆಯೊಂದು ಸೊಟ್ಟಗೆ ಹೊರಳಿದರೆ ಅಲ್ಲಿ ತಗ್ಗೋ ಉಬ್ಬೋ ಇದೆಯೆಂದೇ ಅರ್ಥ. ಬೆರಳಿಗೆ ಸಿಗದ ವ್ಯತ್ಯಾಸವನ್ನೂ ಗೆರೆ ಹೇಳಿಬಿಡುತ್ತದೆ.

ಆದರೆ ಹಾಸುವಾಗಲೇ ಬಟ್ಟೆ ಸುಕ್ಕುಗಟ್ಟಿದ್ದರೆ ಗೆರೆಗಳು ಸುಳ್ಳು ಹೇಳುತ್ತವೆ. ಆದ್ದರಿಂದಲೇ ಇಲ್ಲಿ ಹೊಸಬರ ಕೈಗೆ ಮೊದಲು ಗ್ರೈಂಡರ್ ಕೊಡುವುದಿಲ್ಲ, ಬಟ್ಟೆ ಹಾಸುವ ಕೆಲಸ ಕೊಡುತ್ತಾರೆ. ಮನೆಯ ಮಕ್ಕಳಿಗೂ ಇದೇ ನಿಯಮ. ಪರೀಕ್ಷೆಯ ಸಾಧನವನ್ನು ವಸ್ತುವಿನೊಳಗೇ ಮೊದಲು ಸಿದ್ಧಪಡಿಸಿಟ್ಟು ಆಮೇಲೆ ಆಕಾರಕ್ಕೆ ಕೈ ಹಾಕುವ ಈ ಕ್ರಮವನ್ನು ನಾನು ಬೇರೆ ಯಾವ ಕೆಲಸದಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಹವಾಯಿಯ ಪ್ರಾಚೀನ ಮರದ ಹಲಗೆಗಳಿಗೆ ಫಿನ್ ಇರಲಿಲ್ಲ. 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹವಾಯಿಯ ವೈಕೀಕಿಯಲ್ಲಿ ದೋಣಿಯ ಕೀಲ್ ಅನ್ನು, ಅಂದರೆ ಅದರ ತಳದಿಂದ ನೀರಿಗೆ ಇಳಿದಿರುವ ಪಟ್ಟಿಯನ್ನು, ಬೋರ್ಡಿಗೆ ಜೋಡಿಸಿದರು. 1960ರ ದಶಕದಲ್ಲಿ ಅಮೆರಿಕದವರೇ ಆದ ಸರ್ಫರ್ ಜಾರ್ಜ್ ಗ್ರೀನೋ ಮೀನಿನ ರೆಕ್ಕೆಗಳನ್ನು ಗಮನಿಸಿ, ಬಾಗಿ ಮತ್ತೆ ನೆಟ್ಟಗಾಗುವ ಫಿನ್‌ಗಳನ್ನು ರೂಪಿಸಿದರು. ನಮ್ಮ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದವರು ನಮಗೆ ಹತ್ತಿರದ ನ್ಯಾರಬೀನ್‌ನ ಸರ್ಫರ್, ಬೋರ್ಡ್ ತಯಾರಕ ಸೈಮನ್ ಆಂಡರ್ಸನ್. ಅವರು 1980ರಲ್ಲಿ ರೂಪಿಸಿದ ಮೂರು ಫಿನ್‌ಗಳ ಬೋರ್ಡ್ ಮರುವರ್ಷ ಆಸ್ಟ್ರೇಲಿಯಾದ ಬೆಲ್ಸ್ ಬೀಚ್ ಸರ್ಫಿಂಗ್ ಸ್ಪರ್ಧೆಯನ್ನು ಗೆದ್ದ ಮೇಲೆ ಲೋಕವೆಲ್ಲ ಅದನ್ನೇ ಅನುಸರಿಸಿತು. ಪಕ್ಕದ ಎರಡು ಫಿನ್‌ಗಳ ಒಳಮೈ ಸಾಮಾನ್ಯವಾಗಿ ಚಪ್ಪಟೆ, ಹೊರಮೈ ಉಬ್ಬು. ಎಡದ್ದಕ್ಕೆ ಬಲದ್ದು ಕನ್ನಡಿಯ ಬಿಂಬದಂತೆ ಹೊಂದಬೇಕು. ಆ ಜೋಡಿಯನ್ನು ಅಕ್ಕಪಕ್ಕ ಇಟ್ಟು, ಒಂದು ಬದಿಯಿಂದ ಮಾತ್ರ ಬೆಳಕು ಬೀಳುವಂತೆ ಮಾಡಿ ಗೆರೆಗಳನ್ನು ಹೋಲಿಸುವಾಗ ಕಾರ್ಯಾಗಾರದ ಹಿರಿಯರು ಮಾತನಾಡುವುದಿಲ್ಲ, ನಾವೂ ಮಾತನಾಡಿಸುವುದಿಲ್ಲ.

ಹಿಂಗಂಚಿನ, ಅಂದರೆ ಫಿನ್‌ನ ಹಿಂಬದಿಯ ಅಂಚಿನ, ವಿಷಯದಲ್ಲಂತೂ ಹಿರಿಯರದು ಬಹಳ ಕಟ್ಟುನಿಟ್ಟು. ಅಂಚು ದಪ್ಪವಾಗಿ ಉಳಿದರೆ ವೇಗ ಹೆಚ್ಚಿದಾಗ ಫಿನ್ ನೀರಿನಲ್ಲಿ ಗುಂಯ್‌ಗುಡುತ್ತದೆ, ಸವಾರನ ಪಾದಕ್ಕೂ ಆ ಕಂಪನ ತಲುಪುತ್ತದೆ. ಅಂಥ ಫಿನ್ ದುರಸ್ತಿಗೆ ಬಂದರೆ ನಾವು ಮೊದಲು ನೋಡುವುದು ಹಿಂಗಂಚನ್ನೇ. ಆಮೇಲೆ ಮೇಲಿನ ಹೊಳಪನ್ನು ಉಪ್ಪುಕಾಗದದಿಂದ ತೆಗೆದು, ಗೆರೆಗಳು ಮತ್ತೆ ಕಾಣುವಂತೆ ಮಾಡಿಕೊಂಡು, ಅಲ್ಲಿಂದ ಕೆಲಸ ಶುರು ಮಾಡುತ್ತೇವೆ.