ಎಷ್ಟು ಲೀಟರ್ ಕೊಡತ್ತೆ?

ದೀಪಾವಳಿಯ ಗೋಪೂಜೆಗೆ ಬರುವ ನೆಂಟರಲ್ಲಿ ಒಬ್ಬರಾದರೂ ಕೊಟ್ಟಿಗೆ ಬಾಗಿಲಲ್ಲಿ ನಿಂತು ಇದನ್ನು ಕೇಳದೆ ಹೋಗುವುದಿಲ್ಲ. ಕರು ಕೊಳ್ಳಲು ಫೋನ್ ಮಾಡುವವರ ಮೊದಲ ಪ್ರಶ್ನೆಯೂ ಅದೇ. "ಬೆಳಿಗ್ಗೆ ಒಂದು, ಸಂಜೆ ಮುಕ್ಕಾಲು" ಎಂದರೆ ಅವರ ಮುಖದಲ್ಲೊಂದು ಕನಿಕರ ಮೂಡುತ್ತದೆ. ಮನೆಯ ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದಾಗ ಮೂಡುವಂಥದ್ದು. ಕೆಲವರು ಸಮಾಧಾನವನ್ನೂ ಹೇಳುತ್ತಾರೆ: "ಪರವಾಗಿಲ್ಲ ಬಿಡಿ, ದೇಸಿ ಹಸು, ಪುಣ್ಯ."

ಪುಣ್ಯಕ್ಕಾಗಿ ಹನ್ನೊಂದು ದನದ ಸೆಗಣಿ ಬಾಚುವಷ್ಟು ಭಕ್ತೆ ನಾನಲ್ಲ. ಬಾಗಿಲಲ್ಲಿ ನಿಂತವರಿಗೆ ಪೂರಾ ಹೇಳಲು ಪುರುಸೊತ್ತು ಇರುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ, ಅದಕ್ಕೆ ತಾಗಿದ ಸೊಪ್ಪಿನ ಬೆಟ್ಟ, ಒಂದಿಷ್ಟು ಬ್ಯಾಣ, ಎಂದರೆ ದನ ಮೇಯುವ ಹುಲ್ಲುಗಾವಲು. ಕೊಟ್ಟಿಗೆಯಲ್ಲಿ ಇರುವುದೆಲ್ಲ ಮಲೆನಾಡು ಗಿಡ್ಡ. ಮೂರಡಿ ಆಸುಪಾಸಿನ ಎತ್ತರ, ದೊಡ್ಡ ಹಸುವೂ 120 ಕೆ.ಜಿ. ದಾಟುವುದು ಕಡಿಮೆ. ಈ ದನಕ್ಕೆ ಹಳೆಯ ಹೆಸರುಗಳು ಬೇರೆ ಇವೆ. ಒಂದು ಊರದನ. ಇನ್ನೊಂದು ವರ್ಷಗಂಧಿ, ಎಂದರೆ ವರ್ಷಕ್ಕೊಂದು ಕರು ಹಾಕುವುದು. ಹಿಂದಿನವರು ಹಸುವಿಗೆ ಹೆಸರಿಡುವಾಗ ಚೊಂಬನ್ನು ನೋಡಲಿಲ್ಲ, ಕರುವನ್ನು ನೋಡಿದರು. ನನ್ನ ಉತ್ತರದ ಮುಕ್ಕಾಲು ಪಾಲು ಆ ಹೆಸರಲ್ಲೇ ಇದೆ.

ವರ್ಷಕ್ಕೊಂದು ಕರು ಎನ್ನುವುದು ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ. ಹಸುವಿನ ಗಬ್ಬ ಒಂಬತ್ತು ತಿಂಗಳು ಹತ್ತು ದಿನ, ಸುಮಾರು 285 ದಿನ. 365ರಲ್ಲಿ ಅದನ್ನು ಕಳೆದರೆ ಉಳಿಯುವುದು 80 ದಿನ. ಈದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು ನಲವತ್ತು ದಿನವಾದರೂ ಬೇಕು. ಬೆದೆ, ಎಂದರೆ ಹಸು ಹೋರಿಯನ್ನು ಬಯಸುವ ಸಮಯ, ಬರುವುದು 21 ದಿನಕ್ಕೊಮ್ಮೆ. ಅಂದರೆ ಕರುವಿಗೆ ಹಾಲು ಕೊಡುತ್ತಲೇ, ಮಳೆಯಲ್ಲಿ ನೆನೆಯುತ್ತಲೇ, ಬ್ಯಾಣದ ಹುಲ್ಲು ತಿಂದುಕೊಂಡೇ, ಎರಡು ಬೆದೆಯೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಎರಡೂ ತಪ್ಪಿದರೆ ಆ ವರ್ಷ ತಪ್ಪಿತು.

ನಮ್ಮ ಅತ್ತೆ ಇದನ್ನು ಹೀಗೆಲ್ಲ ಲೆಕ್ಕ ಹಾಕಿದವರಲ್ಲ. ಕವಳ (ಎಲೆಯಡಿಕೆ) ಹಾಕುವಾಗ ಬೆರಳಿಗೆ ಹತ್ತಿದ ಸುಣ್ಣವನ್ನು ಕೊಟ್ಟಿಗೆ ಬಾಗಿಲ ಹಿಂದೆ ಎಳೆದುಬಿಡುತ್ತಿದ್ದರು, ಒಂದು ಕರುವಿಗೆ ಒಂದು ಗೆರೆ, ಒಂದೊಂದು ಹಸುವಿಗೂ ಬೇರೆ ಹಲಗೆ. ಅವರ ಕಾಲದ ಬೆಳ್ಳಿ ಎಂಬ ಹಸುವಿನ ಹಲಗೆಯಲ್ಲಿ ಹನ್ನೆರಡು ಗೆರೆ ಈಗಲೂ ಇವೆ. ಮೊದಲ ಕರು ನಾಲ್ಕನೇ ವರ್ಷಕ್ಕೆ, ಕೊನೆಯದು ಹದಿನೇಳನೇ ವರ್ಷಕ್ಕೆ. ಸರಾಸರಿ ಹದಿನಾಲ್ಕು ತಿಂಗಳಿಗೊಂದು. ಹೆಸರಿಗೆ ತಕ್ಕಂತೆ ಸರಿಯಾಗಿ ವರ್ಷಕ್ಕೊಂದಲ್ಲ, ಆದರೆ ಅದಕ್ಕೆ ಯಾರೂ ಒಂದು ಇಂಜೆಕ್ಷನ್ ಕೊಡಿಸಿದ್ದಿಲ್ಲ, ಹಿಂಡಿಯ ಮೂಟೆ ಇಳಿಸಿದ್ದಿಲ್ಲ. ಅಕ್ಕಿ ತೊಳೆದ ಅಕ್ಕಚ್ಚು ಬಿಟ್ಟರೆ ಮನೆಯಿಂದ ಅದಕ್ಕೆ ಹೋದದ್ದು ಕಡಿಮೆ. ನಾನು ಈಗ ಪುಸ್ತಕದಲ್ಲಿ ಬರೆದಿಡುತ್ತೇನೆ. ಆದರೂ ಗೆರೆ ಎಳೆಯುವುದು ಬಿಟ್ಟಿಲ್ಲ.

ಹಾಗಾದರೆ ನಮಗೆ ಹಾಲಿನ ಆಸೆಯೇ ಇರಲಿಲ್ಲವೇ? ಇತ್ತು. ಮದುವೆಯಾಗಿ ಬಂದ ಐದನೇ ವರ್ಷ ಸಾಲ ಮಾಡಿ ಒಂದು ಮಿಶ್ರತಳಿ ಹಸು ತಂದೆವು. ಕಪ್ಪು-ಬಿಳಿ, ನೋಡಲು ಚಂದ, ದಿನಕ್ಕೆ 12 ಲೀಟರ್. ಮೊದಲ ಮೂರು ತಿಂಗಳು ಡೈರಿಗೆ ಕ್ಯಾನು ಹೊತ್ತುಕೊಂಡು ಹೋಗುವಾಗ ನನ್ನ ನಡಿಗೆಯೇ ಬೇರೆ. ಮಳೆ ಹಿಡಿದ ಮೇಲೆ ಗೊರಸಿನ ಸಂದಿ ಕೊಳೆಯಿತು. ಆಮೇಲೆ ಉಣ್ಣೆ ಜ್ವರ. ಬೆದೆ ಬಂದದ್ದು ಗೊತ್ತಾಗುವುದೇ ಕಷ್ಟ, ಗೊತ್ತಾಗಿ ಗಬ್ಬದ ಇಂಜೆಕ್ಷನ್ ಕೊಡಿಸಿದರೆ ಗಬ್ಬ ನಿಲ್ಲಲಿಲ್ಲ. ಐದು ಸಲ ಹಾಗಾಯಿತು. ಹಾಲು ಬತ್ತಿತು, ಕರು ಇಲ್ಲ, ಹಿಂಡಿ ಮಾತ್ರ ದಿನಾ ಬೇಕು. ಮೂರು ವರ್ಷಕ್ಕೆ ಆ ಹಸುವಿನಿಂದ ಸಿಕ್ಕಿದ್ದು ಒಂದು ಕರು. ಕೊನೆಗೆ ತಂದ ಬೆಲೆಯ ಅರ್ಧಕ್ಕೆ ಕೊಟ್ಟೆವು.

ತಪ್ಪು ಹಸುವಿನದಲ್ಲ. ಮಂಡ್ಯ, ಕೋಲಾರದ ಕಡೆ ಹಸಿಮೇವು ಬೆಳೆದು, ಹಿಂಡಿ ಹಾಕಿ, ಅಂಥ ಹಸುವಿನಿಂದಲೇ ಮಕ್ಕಳನ್ನು ಓದಿಸಿದವರು ಎಷ್ಟೋ ಜನ. ಅವರ ಮುಂದೆ ನನ್ನ ಗಿಡ್ಡ ಹಸುವನ್ನು ಹೊಗಳಿದರೆ ನಗುತ್ತಾರೆ, ನಗಬೇಕಾದ್ದೇ. ಲೀಟರ್ ಲೆಕ್ಕದಲ್ಲಿ ನಾನು ಗೆಲ್ಲುವುದಿಲ್ಲ.

ಆದರೆ ಹಸುವಿನ ಮೈಯೂ ಒಂದು ಸಂಸಾರವೇ. ಬಂದ ಆದಾಯದಲ್ಲಿ ಮೊದಲು ಅಂದಂದಿನ ಊಟ-ಉಸಿರು, ಆಮೇಲೆ ಮಡಿಲಲ್ಲಿರುವ ಕರುವಿನ ಹಾಲು, ಎಲ್ಲ ಕಳೆದು ಕೈಯಲ್ಲಿ ಏನಾದರೂ ಉಳಿದರೆ ಮಾತ್ರ ಮುಂದಿನ ಗಬ್ಬದ ಯೋಚನೆ. 12 ಲೀಟರ್ ಕೊಡುವ ಹಸುವಿಗೆ ಹಾಲು ನಿಲ್ಲಿಸಲು ಬರುವುದಿಲ್ಲ, ಅದರ ರಕ್ತದಲ್ಲೇ ಹಾಗಿದೆ. ಮೇವು ಸಾಲದಿದ್ದರೆ ತನ್ನ ಮೈಯ ಕೊಬ್ಬನ್ನು ಕರಗಿಸಿ ಕೊಡುತ್ತದೆ. ಮೈ ಇಳಿಯುತ್ತಿರುವ ಹಸು ಬೆದೆಗೆ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ನಮ್ಮ ಬ್ಯಾಣದ ಹುಲ್ಲು ನೋಡಲು ಹಸಿರು, ತಿಂದರೆ ನೀರು. ಇಷ್ಟು ಮಳೆ ಬಿದ್ದ ನೆಲದಲ್ಲಿ ಸಾರ ಎಲ್ಲಿ ಉಳಿಯಬೇಕು? ಆ ಹುಲ್ಲು ಎಷ್ಟು ಹಾಲಿಗೆ ಸಾಕೋ ಅಷ್ಟೇ ಹಾಲಿನ ಹಸು ಇಲ್ಲಿ ಗಬ್ಬ ನಿಲ್ಲುತ್ತದೆ.

ಮೈಯ ಗಾತ್ರದ್ದೂ ಇದೇ ಕಥೆ. ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆಯಷ್ಟು ಒಣಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳಿ. 400 ಕೆ.ಜಿ.ಯ ಹಸುವಿಗೆ 10 ಕೆ.ಜಿ., ನನ್ನದಕ್ಕೆ ಮೂರು. ಒಂದರ ಮೇವಿನಲ್ಲಿ ಮೂರು ನಿಲ್ಲುತ್ತವೆ. ಮೂರು ಹಸು ಎಂದರೆ ಮೂರು ಕರು, ಮೂರು ಸೆಗಣಿ. ಮಲೆನಾಡಿನಲ್ಲಿ ದನ ಸಾಕುತ್ತಿದ್ದದ್ದೇ ಗೊಬ್ಬರಕ್ಕೆ. ಬೆಟ್ಟದ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ಕಾಲಡಿಗೆ ಹಾಕಿ, ತುಳಿಸಿ, ಅದನ್ನೇ ತೋಟಕ್ಕೆ ಹೊರುವುದು. ನನ್ನ ಹಸುವಿನ ನಿಜವಾದ ಇಳುವರಿ ಅಡಿಕೆ ಮರದ ಬುಡದಲ್ಲಿದೆ, ಅದಕ್ಕೆ ಡೈರಿಯ ಹಾಲಿನಂತೆ ಫ್ಯಾಟು, ಡಿಗ್ರಿ ನೋಡುವ ಮೀಟರ್ ಇಲ್ಲ.

ಇನ್ನು ಹಸು ಆರಿಸುವ ವಿಷಯ. ನಮ್ಮಲ್ಲಿ ಮೊದಲು ಮೈಮೇಲಿನ ಕೂದಲ ಸುಳಿ ನೋಡುತ್ತಾರೆ, ಆಮೇಲೆ ಬಣ್ಣ, ಕೊಂಬು, ಬಾಲದ ಕುಚ್ಚು. ಸುಳಿ ಸರಿಯಿಲ್ಲವೆಂದು ಇನ್ನೂ ಈಯದ ಒಳ್ಳೇ ಕಡಸನ್ನು ಯಾರೋ ಬಿಟ್ಟುಕೊಟ್ಟಾಗ ನಾನು ಖುಷಿಯಾಗಿ ಹೊಡೆದುಕೊಂಡು ಬಂದಿದ್ದೇನೆ, ಈಗ ಅದರದ್ದು ಏಳು ಗೆರೆ. ನಾನು ನೋಡುವುದು ತಾಯಿಯ ಹಲಗೆ. ಸರಿಯಾಗಿ ಈದ ಹಸುವಿನ ಮಗಳು ಸರಿಯಾಗಿ ಈಯುತ್ತಾಳೆ ಎಂದು ಬರೆದುಕೊಡಲು ಆಗುವುದಿಲ್ಲ, ಗಬ್ಬ ನಿಲ್ಲುವುದರಲ್ಲಿ ಮೇವು, ರೋಗ, ಅದೃಷ್ಟ ಎಲ್ಲದರ ಪಾಲಿದೆ. ಆದರೆ ಎರಡು ವರ್ಷ ಖಾಲಿ ನಿಂತ ಹಸುವಿನ ಕರುವನ್ನು ಬೀಜಕ್ಕೆ ಬಿಡುವುದು ಮಾತ್ರ ಗೊತ್ತಿದ್ದೂ ಮಾಡುವ ದಡ್ಡತನ.

ಹೋರಿಯ ವಿಷಯದಲ್ಲಂತೂ ಎಲ್ಲರೂ ಎಡವುವುದೇ. ಒಂದು ಹಸು ಕೆಟ್ಟದ್ದಾದರೆ ಕೆಡುವುದು ಒಂದು ಹಲಗೆ. ಹೋರಿ ಕೆಟ್ಟದ್ದಾದರೆ ಇಡೀ ಕೇರಿಯ ಕೊಟ್ಟಿಗೆ. ನಾನು ಹೋರಿಯ ಭುಜ ನೋಡುವುದಿಲ್ಲ. ಅದರ ತಾಯಿ ಎಷ್ಟು ಸಲ ಈದಿದೆ, ಕೆಚ್ಚಲು ಹೇಗಿದೆ, ಹಾಯುವ ಸ್ವಭಾವವೋ ಎಂದು ಕೇಳುತ್ತೇನೆ. ಇನ್ನೊಂದನ್ನು ಹೆಂಗಸು ಹೇಳಿದರೆ ಗಂಡಸರು ಮುಖ ತಿರುಗಿಸುತ್ತಾರೆ, ಆದರೂ ಹೇಳುತ್ತೇನೆ: ಹೋರಿಯ ಬೀಜದ ಸುತ್ತಳತೆ ನೋಡಿ. ಅದು ದೊಡ್ಡದಿದ್ದ ಹೋರಿಯ ಹೆಣ್ಣುಕರುಗಳು ಬೇಗ ಬೆದೆಗೆ ಬರುತ್ತವೆ. ದನ ಸಾಕುವ ದೇಶಗಳಲ್ಲಿ ಟೇಪು ಹಿಡಿದೇ ಹೋರಿ ಕೊಳ್ಳುತ್ತಾರೆ.

ಆ ದೇಶಗಳ ಬಗ್ಗೆ ಓದಿದಾಗ ನನಗೆ ಅತ್ತೆಯ ಬಾಗಿಲೇ ನೆನಪಾಯಿತು. ದಕ್ಷಿಣ ಆಫ್ರಿಕಾದ ಯಾನ್ ಬೋನ್ಸ್ಮಾ ಎಂಬ ವಿಜ್ಞಾನಿ 1930ರ ದಶಕದಲ್ಲಿ ಮಾರಾ ಎಂಬಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಶುರುಮಾಡಿದರು. ಇಂಗ್ಲೆಂಡಿನಿಂದ ತಂದ ದನಗಳು ಅಲ್ಲಿನ ಬಿಸಿಲಿಗೆ, ಉಣ್ಣೆಗೆ ಸೊರಗುತ್ತಿದ್ದವು. ಅವರು ಅವುಗಳ ಮೈಬಿಸಿ ಅಳೆದರು, ಕೂದಲು ನೋಡಿದರು. ನುಣುಪು ಕೂದಲಿನ ದನಕ್ಕೆ ಸೆಕೆಯೂ ಕಡಿಮೆ, ಉಣ್ಣೆಯೂ ಕಡಿಮೆ. ಅಲ್ಲಿನ ಆಫ್ರಿಕಾನರ್ ದನದ ಪಾಲು ಎಂಟರಲ್ಲಿ ಐದು, ಹೊರಗಿನದ್ದು ಮೂರು ಇರುವಂತೆ ಬೆರೆಸಿ ಕಟ್ಟಿದ ತಳಿಯೇ ಬೋನ್ಸ್ಮಾರಾ. ಅದೇ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಟಾಮ್ ಲ್ಯಾಸೇಟರ್ ಎಂಬುವರು ಬೀಫ್‌ಮಾಸ್ಟರ್ ತಳಿ ಶುರುಮಾಡಿದರು. ಅವರು ನೋಡುತ್ತಿದ್ದದ್ದು ಆರೇ ಗುಣ: ಸ್ವಭಾವ, ಗಬ್ಬ ನಿಲ್ಲುವ ಶಕ್ತಿ, ತೂಕ, ಮೈಕಟ್ಟು, ತಾಳಿಕೆ, ಹಾಲು. ಬಣ್ಣಕ್ಕೆ, ಕೊಂಬಿಗೆ ಅದರಲ್ಲಿ ಜಾಗವಿಲ್ಲ. ಅವರು ಬಳಸಿದ ಬ್ರಾಹ್ಮನ್ ದನ ನಮ್ಮ ದೇಶದಿಂದ ಹೋದ ದನಗಳ ಸಂತಾನ, ಅದರಲ್ಲಿ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಇದೆ. ನಮ್ಮ ದನ ಕೊಂಡುಹೋದವರು ನಮ್ಮ ಸುಳಿಶಾಸ್ತ್ರವನ್ನು ಇಲ್ಲೇ ಬಿಟ್ಟುಹೋದರು.

ಅಷ್ಟು ದೂರ ಹೋಗುವುದೂ ಬೇಡ. ಘಟ್ಟದಿಂದ ಮೂಡಕ್ಕೆ ಅಜ್ಜಂಪುರದ ಕಡೆ ಅಮೃತಮಹಲ್ ದನಗಳ ಕಾವಲುಗಳಿವೆ, ಎಂದರೆ ಅವುಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನದ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅಲ್ಲಿ ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ಒಂದರಲ್ಲಿ ದನ ಮೇಯುವಾಗ ಉಳಿದವುಗಳಲ್ಲಿ ಹುಲ್ಲು ಚಿಗುರುತ್ತಿತ್ತು. ದನಗಳು ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದವು, ಹಾಲು ಬಹುಪಾಲು ಕರುವಿನ ಹೊಟ್ಟೆಗೇ. ಬೆಣ್ಣೆಯ ಹೆಸರಿನ ಇಲಾಖೆ ಕೊನೆಗೆ ಹೆಸರು ಮಾಡಿದ್ದು ಓಟದ ಎತ್ತಿಗೆ! ಖರ್ಚು ಉಳಿಸಲು ಬ್ರಿಟಿಷರು 1860ರಲ್ಲಿ ಮಂದೆಯನ್ನು ಚದುರಿಸಿದರು. ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಲು ಹೊರಟರು. ಆರೇ ವರ್ಷಕ್ಕೆ ಬುದ್ಧಿ ಬಂದದ್ದು ದೊಡ್ಡದು. ಕಾವಲಿನ ಭೂಮಿ ಆಮೇಲೆ ಯಾರ್ಯಾರ ಪಾಲಾಯಿತು ಎಂಬುದು ಬೇರೆಯೇ ಪುರಾಣ.

ಈಚೆಗೆ ಹೊಸದೊಂದು ಹುಚ್ಚು ಬಂದಿದೆ. ಸ್ವದೇಶಿ ಎಂದರೆ ಸಾಕು, ಗುಜರಾತಿನಿಂದ ಗಿರ್ ಹಸುವನ್ನು ಲಾರಿಯಲ್ಲಿ ತರಿಸುತ್ತಾರೆ. ಗಿರ್ ಒಳ್ಳೆಯ ದನ, ಸೌರಾಷ್ಟ್ರದ ಒಣಕಾಡಿಗೆ. ನಮ್ಮ ಆಷಾಢದ ಕೆಸರಿನಲ್ಲಿ, ಈ ಇಳಿಜಾರಿನಲ್ಲಿ ಅದು ನನ್ನ ಕಪ್ಪು-ಬಿಳಿ ಹಸುವಿನಷ್ಟೇ ಪರದೇಶಿ. ಊರದನ ಎಂಬ ಹೆಸರಿನಲ್ಲಿ ಊರು ಸುಮ್ಮನೆ ಸೇರಿಕೊಂಡದ್ದಲ್ಲ.

ನನ್ನ ಲೆಕ್ಕದಲ್ಲಿ ತೂತುಗಳೂ ಇವೆ, ಮುಚ್ಚಿಡುವುದಿಲ್ಲ. ಗಿಡ್ಡ ಕಡಸು ಬೆದೆಗೆ ಬರುವುದು ತಡ, ಮೊದಲ ಕರುವಿಗೆ ಮೂರೂವರೆ-ನಾಲ್ಕು ವರ್ಷ ಕಾಯಬೇಕು. ಕಾಡಿಗೆ ಬಿಟ್ಟ ದನ ಉಣ್ಣೆ ಹೊತ್ತು ತರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದ ಸೀಮೆ ನಮ್ಮದು, ಸಂಜೆ ದನದ ಮೈ ನೋಡದೆ ನಾನು ಮಕ್ಕಳನ್ನು ಕೊಟ್ಟಿಗೆಗೆ ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೂತು ಬೇರೆಯದು. ತಳಿ ಕಟ್ಟುವುದು ಎಂದರೆ ಅರ್ಧ ಕೆಲಸ ಆರಿಸುವುದು, ಅರ್ಧ ಕೆಲಸ ಮಂದೆಯಿಂದ ತೆಗೆಯುವುದು. ಲ್ಯಾಸೇಟರ್ ಅಂಥವರು ಕರು ಹಾಕದ ಹಸುವನ್ನು ಆ ವರ್ಷವೇ ಮಾರಿಬಿಡುತ್ತಿದ್ದರು. ನಾನು ಗೊಡ್ಡು ಹಸುವನ್ನು ಎಲ್ಲಿಗೆ ಕಳಿಸಲಿ? ಮೊದಲೂ ಮನಸ್ಸು ಬರುತ್ತಿರಲಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕೊಳ್ಳುವವರೂ ಇಲ್ಲ. ಸರಿ-ತಪ್ಪಿನ ಮಾತು ಹಾಗಿರಲಿ, ಮೇವಿನ ಮಾತಂತೂ ಉಳಿದೇ ಇದೆ. ನನ್ನ ಹನ್ನೊಂದರಲ್ಲಿ ಎರಡು ಗೊಡ್ಡು, ಸೆಗಣಿಯ ಲೆಕ್ಕಕ್ಕೆ ಉಣ್ಣುತ್ತಿವೆ. ನಾನು ಮಾಡಬಹುದಾದದ್ದು ಒಂದೇ, ಅವುಗಳ ಸಂತಾನವನ್ನು ಬೀಜಕ್ಕೆ ಬಿಡದೆ ಇರುವುದು. ಆ ಸಾಲಿನ ಹೋರಿಗಳ ಬೀಜ ಒಡೆಸಿದ್ದೇನೆ.

ಹೋರಿಯೂ ಈಗ ಕಡಿಮೆ. ಉಳುವ ಕೆಲಸ ಟಿಲ್ಲರ್ ಮಾಡುತ್ತದೆ, ಗಂಡುಕರು ಯಾರಿಗೂ ಬೇಡ. ಕೇರಿಗೆ ಒಂದೇ ಹೋರಿ ಉಳಿದರೆ ಅದೇ ತನ್ನ ಮಗಳಿಗೂ ಹಾರುತ್ತದೆ. ಅಂಥ ಕರುಗಳು ಸಣ್ಣಗೆ, ಸಪ್ಪಗೆ ಹುಟ್ಟುತ್ತವೆ, ಮತ್ತೆ ಗಬ್ಬ ನಿಲ್ಲುವುದೂ ಕಷ್ಟ. ಅದಕ್ಕೇ ಆಚೆ ಊರಿನ ಒಬ್ಬರ ಜೊತೆ ಮಾತಾಡಿಕೊಂಡಿದ್ದೇನೆ: ಮೂರು ವರ್ಷಕ್ಕೊಮ್ಮೆ ಹೋರಿ ಅದಲುಬದಲು. ಹಣ ಇಲ್ಲ, ಕಾಗದ ಇಲ್ಲ.

ಕಳೆದ ವಾರ ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಕಡಸು ಬೇಕಂತೆ.

"ಎಷ್ಟು ಲೀಟರ್ ಕೊಡಬಹುದು ಅಕ್ಕಾ?"

"ಅದರ ಅಮ್ಮನದ್ದು ಏಳು ಗೆರೆ ಆಯ್ತು ಮಾರಾಯ."

ಗೆರೆ ಎಂದರೆ ಏನೆಂದು ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಸರಿ ಅಕ್ಕಾ... ಕೊಂಬು ಹ್ಯಾಂಗಿದೆ?"

ಬಂದು ನೋಡು ಎಂದೆ. ಇನ್ನೂ ಬಂದಿಲ್ಲ. ಕಡಸು ಮೊನ್ನೆ ಮಂಗಳವಾರ ಮೊದಲ ಸಲ ಬೆದೆಗೆ ಬಂತು, ರಾತ್ರಿಯಿಡೀ ಕೂಗಿತು. ನಮ್ಮ ಹೋರಿ ಅದರ ಅಪ್ಪ, ಹಾಗಾಗಿ ಕಟ್ಟಿಹಾಕಿದೆ. ಆಚೆ ಊರಿನ ಹೋರಿ ಬರುವುದು ಇನ್ನು ಹತ್ತು ದಿನಕ್ಕೆ. ಕ್ಯಾಲೆಂಡರಿನಲ್ಲಿ 21 ದಿನ ಎಣಿಸಿ ಗುರುತು ಹಾಕಿದ್ದೇನೆ.