ಕೊಲೆಗಾರ ಯಾರೆಂದು ಗೊತ್ತಿದ್ದೂ ಮತ್ತೆ ಯಾಕೆ ನೋಡುತ್ತೀರಿ?

ಈ ಪ್ರಶ್ನೆಯನ್ನು ನನಗೆ ಕೇಳದವರು ನಮ್ಮ ನೆಂಟರಲ್ಲಿ ಯಾರೂ ಉಳಿದಿಲ್ಲ. ವರ್ಷಕ್ಕೊಮ್ಮೆಯಾದರೂ ನಾನು 1944ರ ‘ಲಾರಾ’ ಚಿತ್ರವನ್ನು ಹಾಕಿಕೊಂಡು ಕೂರುತ್ತೇನೆ. ಮನೆಗೆ ಬಂದವರು ಕಪ್ಪು ಬಿಳುಪಿನ ಪರದೆಯನ್ನು ನೋಡಿ, “ಇದನ್ನು ಹೋದ ವರ್ಷವೂ ನೋಡುತ್ತಿದ್ದಿರಲ್ಲ?” ಎನ್ನುತ್ತಾರೆ. ಹೌದೆಂದ ಕೂಡಲೇ ಮುಂದಿನದು ಸಿದ್ಧ: “ಪತ್ತೇದಾರಿ ಸಿನಿಮಾ ತಾನೆ? ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಅದರಲ್ಲಿ ಇನ್ನೇನಿದೆ?” ರಸ ಹಿಂಡಿ ಎಸೆದ ಕಬ್ಬಿನ ಸಿಪ್ಪೆಯನ್ನು ಮತ್ತೆ ಎತ್ತಿಕೊಂಡು ಅಗಿಯುವವನನ್ನು ನೋಡುವ ಹಾಗೆ ನೋಡುತ್ತಾರೆ.

ಮೊದಲು ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ಜನ ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂರುವುದಿಲ್ಲವೇ ಎನ್ನುತ್ತಿದ್ದೆ. ಕೇಳಿದವರು ತಲೆದೂಗಿ ಕಾಫಿ ಕುಡಿದು ಹೋಗುತ್ತಿದ್ದರು. ಒಂದು ಸಲ ಭಾವ ಮಾತ್ರ ಬಿಡಲಿಲ್ಲ. “ಕರ್ಣ ಸಾಯುವುದನ್ನು ಭಾಗವತರು ನಿನ್ನಿಂದ ಮುಚ್ಚಿಟ್ಟಿರಲಿಲ್ಲವಲ್ಲ. ಇಲ್ಲಿ ಮುಚ್ಚಿಡುವುದೇ ಕಸುಬು. ಎರಡೂ ಒಂದೇ ಹೇಗಾಗುತ್ತದೆ?” ಎಂದರು. ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿಸಬಹುದು.

ಕೊಲೆಗಾರನ ಹೆಸರು ಹೇಳದೆ ಈ ಉತ್ತರ ಕೊಡಲು ಸಾಧ್ಯವಿಲ್ಲ. ಚಿತ್ರಕ್ಕೆ ವಯಸ್ಸು ಎಂಬತ್ತು ದಾಟಿದೆ, ಉದ್ದ ಸುಮಾರು 88 ನಿಮಿಷ. ನೋಡದವರು ನೋಡಿಕೊಂಡು ಬನ್ನಿ, ಬರಹ ಎಲ್ಲಿಗೂ ಹೋಗುವುದಿಲ್ಲ.

ಕಥೆ ನ್ಯೂಯಾರ್ಕಿನದು. ಲಾರಾ ಹಂಟ್ ಜಾಹೀರಾತು ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ತರುಣಿ. ಒಂದು ಶುಕ್ರವಾರ ರಾತ್ರಿ ಅವಳ ಮನೆಯ ಕರೆಗಂಟೆ ಬಾರಿಸುತ್ತದೆ, ಬಾಗಿಲು ತೆರೆದ ಹೆಣ್ಣಿನ ಮುಖಕ್ಕೆ ಯಾರೋ ಕೋವಿ ಹಾರಿಸುತ್ತಾರೆ. ಚರೆಗುಂಡಿಗೆ ಮುಖ ಗುರುತು ಸಿಗದಷ್ಟು ಹಾಳಾಗಿದೆ. ತನಿಖೆಗೆ ಬರುವವನು ಮಾರ್ಕ್ ಮ್ಯಾಕ್‌ಫರ್ಸನ್, ಅಂದರೆ ನಟ ಡಾನಾ ಆಂಡ್ರ್ಯೂಸ್. ಯಾರಾದರೂ ಮಾತಾಡುತ್ತಿದ್ದರೆ ಇವನು ಅಂಗೈಯಗಲದ ಆಟಿಕೆಯೊಂದನ್ನು ತೆಗೆದು, ಪುಟ್ಟ ಗೋಲಿಗಳನ್ನು ಗುಳಿಗಳಿಗೆ ಕೂರಿಸುತ್ತಾ ಕೂರುತ್ತಾನೆ. ಮೇಲ್ವರ್ಗದ ಮನೆಗಳ ಮಾತುಗಾರರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಮಾತುಗಾರರಲ್ಲಿ ಇಬ್ಬರು ಮುಖ್ಯರು. ಒಬ್ಬ ಶೆಲ್ಬಿ ಕಾರ್ಪೆಂಟರ್, ಲಾರಾಳನ್ನು ಮದುವೆಯಾಗಬೇಕಿದ್ದವನು, ಪರರ ದುಡ್ಡಿನಲ್ಲಿ ಚೆನ್ನಾಗಿ ಬಟ್ಟೆ ಹಾಕುವವನು. ಇನ್ನೊಬ್ಬ ವಾಲ್ಡೊ ಲೈಡೆಕರ್, ಹೆಸರುವಾಸಿ ಅಂಕಣಕಾರ, ರೇಡಿಯೊದಲ್ಲೂ ಮಾತಾಡುವವನು. ಲಾರಾಳನ್ನು ತಿದ್ದಿ ತೀಡಿ ಬೆಳೆಸಿದ್ದು ತಾನೇ ಎಂದು ನಂಬಿದವನು. ಕ್ಲಿಫ್ಟನ್ ವೆಬ್ ಈ ಪಾತ್ರ ಮಾಡಿದಾಗ ಐವತ್ತು ದಾಟಿದ್ದರು. ಮೂಕಿ ಚಿತ್ರಗಳ ಕಾಲದ ನಂತರ ರಂಗಭೂಮಿಯಲ್ಲೇ ಇದ್ದವರನ್ನು ಕರೆತರಲು ಸ್ಟುಡಿಯೊದ ಮುಖ್ಯಸ್ಥ ಡ್ಯಾರಿಲ್ ಜ್ಯಾನಕ್‌ಗೆ ಮನಸ್ಸಿರಲಿಲ್ಲ. ನಿರ್ದೇಶಕ ಆಟೊ ಪ್ರೆಮಿಂಜರ್ ಹಟ ಬಿಡಲಿಲ್ಲ.

ನಾನು ಇದನ್ನು ಮೊದಲ ಸಲ ನೋಡಿದ್ದು ಮೈಸೂರಿನ ಮನೆಯಲ್ಲಿ, ಗೆಳೆಯನಿಂದ ತಂದ ಡಿವಿಡಿಯಲ್ಲಿ, ಅಮ್ಮನ ಜೊತೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು, ನಾನು ಆಗಾಗ ಒಂದೊಂದು ಸಾಲು ಕನ್ನಡದಲ್ಲಿ ಹೇಳುತ್ತಿದ್ದೆ. ಸತ್ತವಳ ಮನೆಗೆ ವಾಲ್ಡೊ ಬರುತ್ತಾನೆ. ಇಲ್ಲಿರುವ ಹೂದಾನಿ, ಬೆಂಕಿಗೂಡಿನ ಮುಂದಿನ ತಡಿಕೆ, ಆಳೆತ್ತರದ ಗಡಿಯಾರ ಮೂರೂ ನನ್ನವು, ಅವಳಿಗೆ ಬಳಸಲು ಕೊಟ್ಟಿದ್ದೆನಷ್ಟೇ, ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಅಮ್ಮ ಕೈ ನಿಲ್ಲಿಸಿದರು. “ಸತ್ತವಳ ಕರ್ಮ ಕಳೆಯುವ ಮುಂಚೆಯೇ ಕೊಟ್ಟ ಸಾಮಾನು ವಾಪಸ್ ಕೇಳುತ್ತಿದ್ದಾನಲ್ಲೋ. ಇವನು ಸರಿಯಿಲ್ಲ.” ಅಷ್ಟು ಹೇಳಿ ಮತ್ತೆ ಹುರುಳಿಕಾಯಿಗೆ ಹೋದರು. ನಾನು ನಕ್ಕೆ. ಅವನ ಮಾತು, ಅವನ ಠೀವಿ, ಎಲ್ಲರನ್ನೂ ಕುಟುಕುವ ಅವನ ನಾಲಿಗೆಗೆ ನಾನು ಆಗಲೇ ಮರುಳಾಗಿದ್ದೆ.

ಅದೇ ಸಂಜೆ ಇನ್ನೊಂದು ನಡೆಯಿತು. ಚಿತ್ರದ ನಡುಭಾಗ. ರಾತ್ರಿ, ಹೊರಗೆ ಮಳೆ. ಪತ್ತೇದಾರ ಸತ್ತವಳ ಮನೆಯಲ್ಲಿ ಒಬ್ಬನೇ. ಅವಳ ಪತ್ರ, ದಿನಚರಿ ಓದಿದ್ದಾನೆ, ಅವಳ ಬೀರು ತೆಗೆದು ನೋಡಿದ್ದಾನೆ, ಅವಳ ಮದ್ಯವನ್ನೇ ಸುರಿದುಕೊಂಡು ಕುಡಿದಿದ್ದಾನೆ. ಗೋಡೆಯ ಮೇಲೆ ಲಾರಾಳ ದೊಡ್ಡ ಭಾವಚಿತ್ರ. ಆ ಚಿತ್ರವನ್ನು ಹರಾಜಿನಲ್ಲಿ ಕೊಳ್ಳಲು ಇವನು ಬೆಲೆ ಕೂಗಿರುವುದನ್ನು ವಾಲ್ಡೊ ಪತ್ತೆ ಮಾಡಿ, ಹೆಣವನ್ನು ಪ್ರೀತಿಸಿದ ರೋಗಿ ಆಸ್ಪತ್ರೆಗೆ ಈವರೆಗೆ ಸಿಕ್ಕಿರಲಿಕ್ಕಿಲ್ಲ ಎಂದು ಚುಚ್ಚಿ ಹೋಗಿದ್ದಾನೆ. ಚಿತ್ರದ ಕೆಳಗಿನ ಕುರ್ಚಿಯಲ್ಲಿ ಇವನಿಗೆ ಜೊಂಪು ಹತ್ತುತ್ತದೆ. ಕ್ಯಾಮೆರಾ ಅವನ ಮುಖದ ಹತ್ತಿರ ಹೋಗಿ, ನಿಂತು, ಹಿಂದೆ ಸರಿಯುತ್ತದೆ. ಬಾಗಿಲು ತೆರೆಯುವ ಸದ್ದು. ಮಳೆಯಂಗಿ ತೊಟ್ಟ ಲಾರಾ ಒಳಗೆ ಬಂದು ನಿಲ್ಲುತ್ತಾಳೆ.

ಅಲ್ಲಿಗೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಮೇಣದಬತ್ತಿಯ ಬೆಳಕಿನಲ್ಲಿ ಕೂತೆವು. ಕನಸು ಎಂದು ನಾನು, ದೆವ್ವ ಎಂದು ಅಮ್ಮ. ಕ್ಯಾಮೆರಾ ಹತ್ತಿರ ಹೋಗಿ ಹಿಂದೆ ಬಂದದ್ದು ಕನಸಿನ ಗುರುತೇ ಎಂದು ವಾದಿಸಿದೆ. ಕರೆಂಟ್ ಬಂದ ಮೇಲೆ ಇಬ್ಬರೂ ಸೋತೆವು. ಲಾರಾ ಬದುಕಿದ್ದಳು. ಹಳ್ಳಿಯ ಮನೆಗೆ ಹೋಗಿದ್ದಳು, ಅಲ್ಲಿನ ರೇಡಿಯೊ ಕೆಟ್ಟಿತ್ತು, ತಾನು ಸತ್ತ ಸುದ್ದಿ ಅವಳಿಗೇ ತಲುಪಿರಲಿಲ್ಲ. ಅವಳ ಮನೆಯಲ್ಲಿ ಸತ್ತವಳು ಡಯಾನ್ ರೆಡ್‌ಫರ್ನ್ ಎಂಬ ರೂಪದರ್ಶಿ. ಆ ರಾತ್ರಿ ಶೆಲ್ಬಿ ಅವಳನ್ನು ಅಲ್ಲಿಗೆ ಕರೆತಂದಿದ್ದ.

ಕೊಂದವನು ವಾಲ್ಡೊ. ಕೋವಿ ಇದ್ದದ್ದು ಆ ಗಡಿಯಾರದ ಬುಡದ ಗುಪ್ತ ಗೂಡಿನಲ್ಲಿ.

ಈಗ ಅಮ್ಮ ಹಿಡಿದ ದೃಶ್ಯಕ್ಕೆ ಮರಳಿ ಹೋಗಿ. ಮೊದಲ ಸಲ ನೋಡಿದವರಿಗೆ ಅದು ಜಿಪುಣತನ, ಅಥವಾ ದುಃಖ ತೋರಿಸಲು ಬಾರದ ಅಹಂಕಾರಿಯ ವರಸೆ. ಎರಡನೆಯ ಸಲ ನೋಡಿದರೆ ಅವನ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತದೆ. ಹೂದಾನಿ ಬೇಡ, ತಡಿಕೆಯೂ ಬೇಡ. ಬೇಕಾದದ್ದು ಗಡಿಯಾರ, ಅದೊಂದನ್ನೇ ಕೇಳಿದರೆ ಸಂಶಯ ಬರುತ್ತದೆಂದು ಉಳಿದೆರಡನ್ನು ಸೇರಿಸಿದ್ದಾನೆ. ಒಂದು ಅಕ್ಷರ ಬದಲಾಗಿಲ್ಲ, ನಟನ ಹುಬ್ಬು ಕೂಡ ಅಲ್ಲೇ ಇದೆ. ನೋಟ ಮಾತ್ರ ಬೇರೆ. ಬದುಕಿದ ಲಾರಾಳನ್ನು ಕಂಡು ಅವನು ಕುಸಿದು ಬೀಳುವುದೂ ಹಾಗೆಯೇ. ಮೊದಲ ಸಲ ಅದು ಪ್ರೀತಿಯ ಆಘಾತ. ಎರಡನೆಯ ಸಲ, ತಾನೇ ಕೊಂದವಳು ಎದ್ದು ಬಂದದ್ದನ್ನು ಕಂಡವನ ಭಯ.

ಚಿತ್ರ ನಿಜವಾಗಿ ಏನನ್ನೂ ಮುಚ್ಚಿಟ್ಟಿರುವುದಿಲ್ಲ ಎಂಬುದು ಭಾವನಿಗೆ ನಾನು ಅಂದು ಹೇಳಬೇಕಿದ್ದ ಮಾತು. ಮೊದಲ ಐದು ನಿಮಿಷವನ್ನೇ ನೋಡಿ. ಸ್ನಾನದ ತೊಟ್ಟಿಗೆ ಅಡ್ಡಹಲಗೆ ಹಾಕಿ, ಅದರ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವಾಲ್ಡೊ ಕೂತಿದ್ದಾನೆ. ಪತ್ತೇದಾರ ಒಂದು ಹಳೆಯ ಅಂಕಣ ನೆನಪಿಸುತ್ತಾನೆ: ಹ್ಯಾರಿಂಗ್ಟನ್ ಎಂಬವನನ್ನು ಚರೆಗುಂಡಿನ ಕೋವಿಯಿಂದ ಕೊಂದರೆಂದು ಬರೆದಿದ್ದಿರಿ, ಲಾರಾ ಸತ್ತ ಹಾಗೆಯೇ, ನಿಜಕ್ಕೂ ಕೊಂದದ್ದು ಕಿಟಕಿಗೆ ಕಟ್ಟುವ ಕಬ್ಬಿಣದ ತೂಕದಿಂದ. ವಾಲ್ಡೊ ನಾಚುವುದಿಲ್ಲ. ಎಷ್ಟು ಸಾಧಾರಣ, ನಾನು ಬರೆದದ್ದೇ ಮೇಲು ಎನ್ನುತ್ತಾನೆ. ನಾವು ನಗುತ್ತೇವೆ. ಯಾವ ಆಯುಧ ತನಗೆ ಇಷ್ಟ ಎಂದು ಕೊಲೆಗಾರ ತೊಟ್ಟಿಯಲ್ಲಿ ಕೂತು ಹೇಳಿದ್ದಾನೆ, ನಗುವ ಭರದಲ್ಲಿ ನಮಗೆ ಕೇಳಿಸಿಲ್ಲ. ಅದಕ್ಕೂ ಮುಂಚೆ, ಅವನಿಗಾಗಿ ಕಾಯುತ್ತಾ ಪತ್ತೇದಾರ ಕೋಣೆ ಸುತ್ತುವಾಗ ಅಲ್ಲೊಂದು ಆಳೆತ್ತರದ ಗಡಿಯಾರ ಇರುತ್ತದೆ. ಇದರ ಜೋಡಿ ಲೋಕದಲ್ಲಿ ಒಂದೇ, ಅದು ಲಾರಾಳ ಮನೆಯಲ್ಲಿದೆ ಎಂದು ವಾಲ್ಡೊನ ದನಿಯೇ ತಿಳಿಸುತ್ತದೆ.

ನಾನು ಹೊಟ್ಟೆಪಾಡಿಗೆ ಕರಡಚ್ಚು ತಿದ್ದುವವನು. ಕಣ್ಣ ಮುಂದಿದ್ದೂ ಕಾಣದಿರುವುದು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ದನಿ. ಚಿತ್ರ ಆರಂಭವಾಗುವುದೇ ವಾಲ್ಡೊನ ಮಾತಿನಿಂದ: ಲಾರಾ ಸತ್ತ ಆ ವಾರಾಂತ್ಯವನ್ನು ನಾನೆಂದೂ ಮರೆಯಲಾರೆ. ಮೊದಲ ಸಲ ಇದನ್ನು ನಂಬಿದೆ. ಸಿನಿಮಾದಲ್ಲಿ ಹಿನ್ನೆಲೆಯಿಂದ ಮಾತಾಡುವವನನ್ನು ಯಾರು ಅನುಮಾನಿಸುತ್ತಾರೆ? ಎರಡನೆಯ ಸಲ ನೋಡಿದಾಗ ಸಿಟ್ಟು ಬಂತು. ಲಾರಾ ಸತ್ತೇ ಇಲ್ಲ, ಹೇಳುತ್ತಿರುವವನೇ ಕೊಲೆಗಾರ. ಅಂದರೆ ಮೊದಲ ವಾಕ್ಯವೇ ಸುಳ್ಳು, ಇದು ಮೋಸ ಅನಿಸಿತು. ಮೂರನೆಯ ಸಲಕ್ಕೆ ಆ ಸಿಟ್ಟೂ ನಿಲ್ಲಲಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ. ಲಾರಾಳ ಕಥೆ ಬರೆಯಲು ತೊಡಗಿದಾಗಲೇ ಪತ್ತೇದಾರ ಬಂದ ಎನ್ನುತ್ತಾನಲ್ಲ, ಆ ಹೊತ್ತಿಗೆ ಅವಳು ಸತ್ತಿದ್ದಾಳೆಂದು ಅವನು ನಂಬಿದ್ದಾನೆ. ಕೊಂದವನೇ ಮನಸಾರೆ ಶೋಕಿಸುತ್ತಿದ್ದಾನೆ. ಅವಳನ್ನು ನಿಜವಾಗಿ ಬಲ್ಲವನು ನಾನೊಬ್ಬನೇ ಎನ್ನುವಾಗ ಅದೂ ಬೂಟಾಟಿಕೆಯಲ್ಲ. ಆ ದನಿಗೆ ನಿಲ್ಲಲು ಜಾಗವಿರುವುದು ಕೊಲೆಗೂ ಲಾರಾ ಮರಳುವುದಕ್ಕೂ ನಡುವಿನ ಕೆಲವೇ ದಿನಗಳಲ್ಲಿ. ಚಿತ್ರ ಅದನ್ನು ಅಲ್ಲಿಂದಾಚೆಗೆ ಒಯ್ಯುವುದೂ ಇಲ್ಲ. ಹೋಟೆಲಿನಲ್ಲಿ ಕೂತು ಹಳೆಯ ಕಥೆ ಹೇಳಿ ಮುಗಿಸಿದ ಮೇಲೆ ವಾಲ್ಡೊನ ನಿರೂಪಣೆ ಸದ್ದಿಲ್ಲದೆ ನಿಂತುಬಿಡುತ್ತದೆ. ಲಾರಾ ಬಾಗಿಲಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕಥೆ ಹೇಳುವವರೇ ಇಲ್ಲ.

ಕೊನೆಯಲ್ಲಿ ಮಾತ್ರ ದನಿ ಒಮ್ಮೆ ಮರಳುತ್ತದೆ, ರೇಡಿಯೊದಿಂದ. ಲಾರಾ ವಾಲ್ಡೊನ ಕಾರ್ಯಕ್ರಮ ಹಾಕಿಕೊಂಡು ಮಲಗುವ ಸಿದ್ಧತೆಯಲ್ಲಿದ್ದಾಳೆ. ಪೆಟ್ಟಿಗೆಯೊಳಗಿನ ವಾಲ್ಡೊ ಪ್ರೇಮದ ಬಗ್ಗೆ ಸೊಗಸಾಗಿ ಮಾತಾಡುತ್ತಿದ್ದಾನೆ. ಅದು ಮೊದಲೇ ಮುದ್ರಿಸಿಟ್ಟದ್ದು. ನಿಜವಾದ ವಾಲ್ಡೊ ಆಗಲೇ ಮನೆಯೊಳಗೆ ಬಂದು ಗಡಿಯಾರದಿಂದ ಕೋವಿ ತೆಗೆದಿದ್ದಾನೆ.

ಇಲ್ಲಿ ಒಂದು ತಕರಾರು. ಆ ಕೋವಿಯನ್ನು ಪತ್ತೇದಾರ ಅದೇ ರಾತ್ರಿ ಕಂಡುಹಿಡಿದಿರುತ್ತಾನೆ. ಕಂಡವನು ಬೆಳಿಗ್ಗೆ ಒಯ್ಯೋಣವೆಂದು ಅಲ್ಲೇ ಬಿಟ್ಟು ಹೋಗುತ್ತಾನೆ! ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಾ ಬೆಳೆದ ನಮ್ಮಂಥವರು ಇದನ್ನು ಹೇಗೆ ಒಪ್ಪುವುದು? ವೆರಾ ಕ್ಯಾಸ್ಪರಿಯವರ ಮೂಲ ಕಾದಂಬರಿಯಲ್ಲಿ ಈ ತೊಡಕಿಲ್ಲ, ಅಲ್ಲಿ ಆಯುಧ ಅಡಗಿರುವುದು ವಾಲ್ಡೊನ ಊರುಗೋಲಿನಲ್ಲಿ. ಅದನ್ನು ತೆಗೆದುಹಾಕಿದ್ದಕ್ಕೆ ಲೇಖಕಿ ಪ್ರೆಮಿಂಜರ್ ಜೊತೆ ಜಗಳವಾಡಿದರು. ತರ್ಕದಲ್ಲಿ ಅವರೇ ಗೆದ್ದಂತೆ. ಆದರೂ ವಾಲ್ಡೊ ಬಿದ್ದ ಮೇಲೆ ಗುಂಡೇಟಿಗೆ ಒಡೆದ ಗಡಿಯಾರದ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದಲ್ಲ, ಅದನ್ನು ಊರುಗೋಲಿಗಾಗಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇಷ್ಟು ಬಿಗಿಯಾಗಿ ಕಾಣುವ ಚಿತ್ರ ತಯಾರಾದದ್ದು ಮಾತ್ರ ಗೊಂದಲದಲ್ಲಿ. ಮೊದಲು ನಿರ್ದೇಶಿಸುತ್ತಿದ್ದವರು ರೂಬೆನ್ ಮಮೂಲಿಯನ್. ಅವರನ್ನು ತೆಗೆದ ಮೇಲೆ ನಿರ್ಮಾಪಕರಾಗಿದ್ದ ಪ್ರೆಮಿಂಜರ್ ತಾವೇ ಕೈಗೆತ್ತಿಕೊಂಡರು. ಮಮೂಲಿಯನ್ ಅವರ ಹೆಂಡತಿ ಬರೆದಿದ್ದ ಭಾವಚಿತ್ರವನ್ನೂ ಬಿಟ್ಟರು. ನಾಯಕಿ ಜೀನ್ ಟಿಯರ್ನಿಯ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಕುಂಚದ ಗೆರೆಗಳಂತೆ ಕಾಣಲು ಮೇಲೆ ಬಣ್ಣ ಸವರಿದರು. ಪತ್ತೇದಾರ ಮನಸೋತದ್ದು ಆ ಬಣ್ಣ ಬಳಿದ ಫೋಟೋಗೆ. ಜ್ಯಾನಕ್‌ಗೆ ಕೊನೆ ಹಿಡಿಸದೆ ಬೇರೆ ಕೊನೆ ಚಿತ್ರೀಕರಿಸಿದರು. ಅದನ್ನು ನೋಡಿದ ಅಂಕಣಕಾರ ವಾಲ್ಟರ್ ವಿಂಚೆಲ್ ಅರ್ಥವಾಗಲಿಲ್ಲ ಎಂದದ್ದಕ್ಕೆ ಹಳೆಯದೇ ಉಳಿಯಿತು ಎಂದು ಪ್ರೆಮಿಂಜರ್ ಹೇಳಿಕೊಂಡಿದ್ದಾರೆ. ಅಂಕಣಕಾರನೇ ಖಳನಾಗಿರುವ ಚಿತ್ರವನ್ನು ಉಳಿಸಿದ್ದೂ ಒಬ್ಬ ಅಂಕಣಕಾರ! ಡೇವಿಡ್ ರಾಕ್ಸಿನ್‌ಗೆ ಸಂಗೀತದ ಮುಖ್ಯ ಧಾಟಿ ಕಟ್ಟಲು ಸಿಕ್ಕಿದ್ದು ಒಂದು ವಾರಾಂತ್ಯ. ಹೆಂಡತಿ ತನ್ನನ್ನು ಬಿಟ್ಟುಹೋಗುವುದಾಗಿ ಬರೆದ ಪತ್ರ ಎದುರಿಗಿದ್ದಾಗ ಅದು ಹುಟ್ಟಿತೆಂದು ಅವರು ಹೇಳುತ್ತಿದ್ದರು. ಐದು ಆಸ್ಕರ್ ನಾಮನಿರ್ದೇಶನಗಳಲ್ಲಿ ಬಂದದ್ದು ಜೋಸೆಫ್ ಲಾಶೆಲ್ ಅವರ ಛಾಯಾಗ್ರಹಣಕ್ಕೆ ಒಂದೇ. ಇಂದಿಗೂ ಜನ ಗುನುಗುವ ಆ ಸಂಗೀತ ಪಟ್ಟಿಯಲ್ಲೇ ಇರಲಿಲ್ಲ.

ಇಷ್ಟೂ ಉತ್ತರವನ್ನು ಮೊದಲ ಸಲ ಬಾಯಲ್ಲಿ ಹೇಳಿದ್ದು ಅಕ್ಕನ ಮಗಳಿಗೆ, ಕಳೆದ ದೀಪಾವಳಿ ರಜೆಯಲ್ಲಿ. ಅವಳೂ ಅದೇ ಪ್ರಶ್ನೆ ಕೇಳಿದ್ದಳು. ಮಾತಿಗಿಂತ ಚಿತ್ರವೇ ಮೇಲೆಂದು ತೋರಿಸಿದೆ, ಆಮೇಲೆ ಗಡಿಯಾರ, ತೊಟ್ಟಿ, ದನಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಹೇಳಿದಳು: “ಎಲ್ಲ ಸರಿ ಮಾಮ. ನಿಜವಾಗಿ ಸತ್ತವಳ ಹೆಸರೇನು?”

ಬಾಯಿ ತೆರೆದೆ. ಹೆಸರು ಬರಲಿಲ್ಲ. ಹತ್ತು ಸಲವಾದರೂ ನೋಡಿದ್ದೇನೆ, ಕೋವಿಯಿಂದ ಹಿಡಿದು ಹೂದಾನಿಯವರೆಗೆ ಹೇಳಬಲ್ಲೆ, ಕೊಲೆಯಾದ ಹೆಣ್ಣಿನ ಹೆಸರು ನಾಲಿಗೆಗೆ ಬರಲು ಅರ್ಧ ನಿಮಿಷ ಹಿಡಿಯಿತು. ಡಯಾನ್ ಎಂದೆ. “ಅವಳಿಗಾಗಿ ಒಬ್ಬರೂ ಅಳಲಿಲ್ಲವಲ್ಲ,” ಎಂದಳು. ಹೌದು. ಅವಳಿಗೆ ಒಂದು ಸಾಲಿನ ಮಾತೂ ಇಲ್ಲ. ಲಾರಾ ಬದುಕಿದ್ದಾಳೆಂಬ ಸಂತೋಷದಲ್ಲಿ ಪತ್ತೇದಾರ ಮರೆತ, ವಾಲ್ಡೊನ ಮಾತಿನ ಮೋಡಿಯಲ್ಲಿ ನಾನು ಮರೆತೆ.

ಅವಳ ಹೆಸರು ಇಡೀ ಚಿತ್ರದಲ್ಲಿ ಎಷ್ಟು ಸಲ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಬೇಕಾಗಿದೆ. ಈ ಭಾನುವಾರ ಮತ್ತೆ ಹಾಕುತ್ತಿದ್ದೇನೆ.